ಒಲ್ಲೆ ಎಂದವಳಿಗೆ ಬಡಿಸಿದ್ದು

ಮಾಳಿಗೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದೆ. ನಾಗಣಸೂರಿನ ತವರಿನಿಂದ ಬಂದ ಜೋಳ. ಈ ಸಲ ಹರಳು ಕಡಿಮೆ, ಅದೂ ದೇವರ ದಯೆಯೇ. ಅಷ್ಟರಲ್ಲಿ ಅಂಗಡಿಯಿಂದ ಯಜಮಾನರ ಫೋನ್ ಬಂತು. ಸೋಲಾಪುರದಲ್ಲಿ ನಮ್ಮದು ಬಣ್ಣದ ಅಂಗಡಿ.

"ಟೂರ್ ಮ್ಯಾನೇಜರನ ಫೋನ್ ಬಂದಿತ್ತು. ಲಂಕಾದ ಆ ಹೆಣ್ಣಮಗಳ ಸುದ್ದಿ."

ಮೊರ ಕೆಳಗಿಟ್ಟೆ. "ಜೀವದಿಂದ ಇದ್ದಾಳಲ್ರಿ?"

"ತಡಿ, ಗಿರಾಕಿ ನಿಂತಾರ."

ಫೋನ್ ಇಡಲಿಲ್ಲ, ಮಾತೂ ಆಡಲಿಲ್ಲ. ಬಣ್ಣದ ಡಬ್ಬಿ ಅಲ್ಲಾಡಿಸುವ ಮಶೀನಿನ ಸದ್ದು ಮಾತ್ರ ಕಿವಿಗೆ ಬಡಿಯತೊಡಗಿತು. ಅದು ನಿಲ್ಲುವ ತನಕ ನಾನು ಮತ್ತೆ ಆ ಸಮುದ್ರದ ದಂಡೆಯಲ್ಲೇ ಕೂತಿದ್ದೆ.

ಬಣ್ಣದ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಜೋಡಿಯಾಗಿ ಶ್ರೀಲಂಕೆಗೆ ಕರೆದೊಯ್ದಿದ್ದರು. ಕೊನೆಯ ದಿನ ಮಧ್ಯಾಹ್ನ ಬಸ್ಸು ಸಮುದ್ರದ ದಂಡೆಯ ಒಂದು ಮೀನಿನ ಹೋಟೆಲಿನ ಮುಂದೆ ನಿಂತಿತು. ತಗಡಿನ ಚಾವಣಿ, ಪ್ಲಾಸ್ಟಿಕ್ ಖುರ್ಚಿ. ಬಾಗಿಲಲ್ಲೇ ಬರ್ಫದ ಮೇಲೆ ಮೀನು ಮಲಗಿಸಿದ್ದರು, ಎಲ್ಲದರ ಕಣ್ಣೂ ತೆರೆದೇ ಇದ್ದವು. ಪಕ್ಕದ ಬುಟ್ಟಿಯಲ್ಲಿ ಕೊಂಡಿ ಕಟ್ಟಿದ ಏಡಿಗಳು ಒಂದರ ಮೇಲೊಂದು ಹತ್ತಿ ಕರಕರ ಎನ್ನುತ್ತಿದ್ದವು. ನಮ್ಮದು ಲಿಂಗಾಯತರ ಮನೆ. ಇಂಥ ಜಾಗದಲ್ಲಿ ನೀರು ಕುಡಿಯುವುದಕ್ಕೂ ಮನಸ್ಸು ಹಿಂಜರಿಯಿತು. ನಾವಿಬ್ಬರೂ ದೂರದ ಮೇಜಿಗೆ ಹೋಗಿ ಕೂತೆವು.

ಹೋಟೆಲಿನ ಒಡತಿ ನನ್ನ ವಾರಿಗೆಯವಳು, ಅಡಿಗೆಯೂ ಅವಳದೇ. ನನ್ನ ಕೊರಳ ಲಿಂಗದ ಕರಡಿಗೆ ನೋಡಿ ಏನು ತಿಳಿದಳೋ, ಬೇರೆ ಪಾತ್ರೆ ನನ್ನೆದುರಿಗೇ ತಿಕ್ಕಿ ತೊಳೆದು ಅನ್ನ, ಬೇಳೆ ಮಾಡಿಕೊಟ್ಟಳು. ಸೌಟನ್ನು ಕೂಡ ಮೊದಲು ನನಗೆ ತೋರಿಸಿ ಆಮೇಲೆ ಅದ್ದಿದಳು. ಅಷ್ಟು ದೂರದಲ್ಲಿ ಅಂಥವಳನ್ನು ಕೊಟ್ಟನಲ್ಲ ಎಂದು ಶಿವನನ್ನು ನೆನೆದೆ.

ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ಎದುರಿಗೆ ನಿಂತವರಿಗೆ ಕೊಡದೆ ನಾವು ತಿನ್ನುವುದುಂಟೆ? ಒಂದು ರೊಟ್ಟಿ ಮುರಿದು ಚಟ್ನಿ ಹಚ್ಚಿ ಅವಳ ಮುಂದೆ ಹಿಡಿದೆ. ಅವಳು ಕಪಾಟಿನಲ್ಲಿದ್ದ ತಮ್ಮ ಕೆಂಪು ಪುಡಿಯ ಬಾಟಲಿಯತ್ತ ಬೆರಳು ಮಾಡಿ, ನನ್ನ ಚಟ್ನಿಯತ್ತ ಮಾಡಿ, ಹುಬ್ಬೇರಿಸಿದಳು. ಅವರದು ಒಣಮೀನು, ಮೆಣಸಿನಕಾಯಿಯ ಪುಡಿ. ಇದೂ ಅಂಥ ಚಟ್ನಿಯೇ ಏನು ಎಂದು ಕೇಳುತ್ತಾಳೆ ಅಂದುಕೊಂಡು ಹೂಂ ಎಂದು ಗೋಣು ಹಾಕಿದೆ. ಆದರೂ ಅವಳು ಎದೆಗೆ ಕೈ ಇಟ್ಟು, ಬೇಡ ಎಂದು ಕೈ ಆಡಿಸಿದಳು.

ನಮ್ಮಲ್ಲಿ ಮೊದಲ ಸಲಕ್ಕೆ ಬೇಡ ಅನ್ನದವರು ಯಾರು? ಬೇಡ ಅಂದಷ್ಟೂ ಬಡಿಸಬೇಕು, ಇಲ್ಲದಿದ್ದರೆ ಕರೆದವರಿಗೇ ಕೆಟ್ಟ ಹೆಸರು. ಅವಳ ಕೈ ಹಿಡಿದು ತುಂಡನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

"ಇಲ್ಲೂ ಸುರು ಮಾಡ್ದೆಲ್ಲ ನಿನ್ನ ಆಗ್ರಹ," ಯಜಮಾನರು ನಕ್ಕರು. "ಆಕಿ ಹಾಟೆಲಿನ್ಯಾಗ ಆಕೀನ್ನೇ ಉಣ್ಣಾಕ ಬಂದ ಪಾವ್ಣೇರ ಮಾಡ್ದಿ."

ಅವಳೂ ನಕ್ಕು ಬಾಯಿಗೆ ಹಾಕಿಕೊಂಡಳು.

ಮೊದಲು ಕುತ್ತಿಗೆ ಕೆರೆದುಕೊಂಡಳು. "ಖಾರ ಹತ್ಯಾದ, ಸಕ್ರಿ ಕೊಡ ಆಕೀಗೆ," ಎಂದರು ಇವರು. ನಾನು ಸಕ್ಕರೆ ಹುಡುಕುವಷ್ಟರಲ್ಲಿ ತುಟಿ ಬಾತಿತ್ತು. ಏನೋ ಹೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮೀನು ಹೆಚ್ಚುತ್ತಿದ್ದ ಅವಳ ಗಂಡ ಓಡಿ ಬಂದ. ನನ್ನ ತಟ್ಟೆಯಿಂದ ಶೇಂಗಾದ ಒಂದು ಚೂರು ಬೆರಳತುದಿಯಲ್ಲೆತ್ತಿ ನನಗೆ ತೋರಿಸಿದ. ನಾನು ಮತ್ತೆ ಹೂಂ ಎಂದು ಗೋಣು ಹಾಕಿದೆ. ಅವನು ನನ್ನನ್ನು ನೋಡಿದ ರೀತಿ ಬರೆಯಲು ಬಾರದು.

ಅವಳನ್ನು ಎತ್ತಿ ರಿಕ್ಷಾದಲ್ಲಿ ಹಾಕಿಕೊಂಡು ಹೋದರು. ಕೆಲವರ ಮೈಗೆ ಶೇಂಗಾ ವಿಷವಿದ್ದಂತೆ ಎಂದು ಮ್ಯಾನೇಜರ ಮರಾಠಿಯಲ್ಲಿ ತಿಳಿಸಿ ಹೇಳಿದ. ನಮ್ಮಲ್ಲಿ ಹಲ್ಲು ಬರುವ ಮೊದಲೇ ಕೂಸಿನ ನಾಲಿಗೆಗೆ ಶೇಂಗಾ ಪುಡಿ ಸವರುತ್ತಾರೆ. ವಿಮಾನದ ಹೊತ್ತಾಗಿತ್ತು, ನಮ್ಮನ್ನು ಬಸ್ಸು ಹತ್ತಿಸಿದರು. ಒಲೆಯ ಮೇಲೆ ಯಾರದೋ ಮೀನು ಸೀದು ಹೊಗೆ ಏಳುತ್ತಿತ್ತು. ಆರಿಸುವವರು ಇರಲಿಲ್ಲ.

ಮನೆಗೆ ಬಂದಾಗ ಅತ್ತೆ, "ಲಂಕಾದಾಗ ಏನೇನ್ ನೋಡಿದ್ಯವಾ?" ಎಂದು ಕೇಳಿದರು. ಸಮುದ್ರ ಎಂದೆ. ಆಮೇಲಿನ ನಾಲ್ಕು ದಿನ ಪೂಜೆಗೆ ಕೂತರೆ ಬಾಯಿಗೆ ಒಂದೇ ಮಾತು: ಆಕೆಗೆ ಉಸಿರು ಕೊಡಪ್ಪ.

ಮಶೀನು ನಿಂತಿತು.

"ಹಾಂ, ಕೇಳು. ಬದುಕ್ಯಾಳ. ಎರಡ ದಿನಾ ಉಸುರಿನ ನಳಗಿ ಹಾಕಿದ್ರಂತ. ನಿನ್ನೆ ಗಂಜಿ ಕುಡದಾಳ. ದನಿ ಇನ್ನೂ ಬಂದಿಲ್ಲ."

ಉಸಿರು ಒಂದು, ಗಂಜಿ ಎರಡು ಎಂದು ಬೆರಳು ಮಡಚಿದೆ. ಮೂರನೆಯ ಬೆರಳು ಮಡಚಲಾಗಲಿಲ್ಲ. "ಮತ್ತೇನರ ಅಂದ್ರೇನ್ರಿ?"

"ಆಕಿ ಗಂಡ ಕೇಳ್ಯಾನಂತ. ಒಲ್ಲೆ ಅಂದಾಕೀಗೆ ಯಾಕ ತಿನಿಸಿದ್ರಿ ಅಂತ."

"ನೀವೇನಂದ್ರಿ?"

"ಏನನ್ಲಿ? ನಮ್ಮ ಕಡೆ ಪದ್ಧತೀನ ಹಂಗ ಅದ ಅಂತ ಹೇಳು ಅಂದೆ."

"ಹಂಗ ಹೇಳಬ್ಯಾಡ್ರಿ. ನಾ ತಪ್ಪ ಮಾಡ್ದೆ ಅಂತ ಹೇಳಸ್ರಿ. ಈಗೇ ಹೇಳಸ್ರಿ."

"ಹೇಳಿದ್ರ ದನಿ ಬರತದೇನ ಆಕೀಗೆ?"

"ಆದ್ರೂ ಹೇಳಸ್ರಿ," ಎಂದೆ.

ಕೆಳಗಿನಿಂದ ಅತ್ತೆ ಕೂಗಿದರು: "ಏ ಯವ್ವಾ, ನಳಕ್ಕ ನೀರ ಬಂದಾವ! ಐದ ದಿವ್ಸಕ್ಕ ಬಂದಾವ, ಮತ್ತ ನಿಂತ ಹೋದಾವು!"

ಫೋನಿಟ್ಟು ಕೆಳಗಿಳಿದು ಬ್ಯಾರಲಿಗೆ ಪೈಪು ಹಚ್ಚಿದೆ.