ಯಾರ ಎಡಕ್ಕೆ?

ಕೇಳಿರಿ ಗೆಳೆಯರೇ, ಇವತ್ತು ವರದಾ ಹೊಳೆ ನಮ್ಮ ಅಂಬಿಗ ಭರಮಪ್ಪನ ಅನ್ನವನ್ನೇ ನುಂಗಿತು! ಹೊಸ ನೀರು ಬಂದಿದೆಯಲ್ಲ, ಹೊಳೆಯ ದಾರಿ ನೋಡಿಕೊಳ್ಳಲು ಅಂಬಿಗರೆಲ್ಲ ಸಾಲಾಗಿ ಹರಗೋಲು ಬಿಟ್ಟಿದ್ದರು. ಮುಂದಾಳು ಹಿರಿಯ ಸಂಗಪ್ಪ. ನಾನು ಭರಮಪ್ಪನ ಹರಗೋಲಿನಲ್ಲಿದ್ದೆ. ಮುಳುಗಿದ ಬಂಡೆಯೊಂದನ್ನು ಕಂಡ ಸಂಗಪ್ಪ ನಮ್ಮತ್ತ ತಿರುಗಿ ನಿಂತು ಗರ್ಜಿಸಿದ: “ಎಡಕ್ಕ ಹೊರಳಸ್ರೋ, ಎಡಕ್ಕ!”

ಭರಮಪ್ಪ ತನ್ನ ಎಡಕ್ಕೆ ಹೊರಳಿಸಿದ. ನೇರ ಬಂಡೆಗೆ! ತೊಗಲು ಹರಿದು ಹರಗೋಲು ಮುಳುಗಿತು. ನಾವಿಬ್ಬರೂ ಈಜಿ ದಂಡೆ ಸೇರಿದೆವು.

“ನಾ ಹೇಳಿದ್ದು ನನ್ನ ಎಡಕ್ಕಲೇ!” ಎಂದ ಸಂಗಪ್ಪ.

“ನೀ ನಮ್ಮ ಕಡೆ ಮಾರಿ ಮಾಡಿ ನಿಂತಿದ್ದಿ ಕಾಕಾ! ದಿನಾ ‘ಸವಣೂರ ದಂಡಿ, ಹಾವೇರಿ ದಂಡಿ’ ಅಂತಿದ್ದಿ. ಇವತ್ತ ಯಾಕ ಎಡಾ ಬಲಾ?” ಎಂದ ಭರಮಪ್ಪ.

“ಕಲ್ಲ ಕಂಡ ಗಾಬರಿಯೊಳಗ ದಂಡಿ ಹೆಸರು ನೆನಪಾಗ್ತದೇನಲೇ?”

ರಂಗದ ಮೇಲೆ ನಿಂತವನ ಎಡ, ಎದುರು ಕೂತವರಿಗೆ ಬಲ. ನಾನು ಪಾತ್ರ ಮಾಡುವ ನಮ್ಮೂರ ನಾಟಕದಲ್ಲಿ ಬರೀ ಕತ್ತಿ ಹಿಡಿದು ನಿಲ್ಲುವ ಸೈನಿಕನಿಗೂ ಇದು ಗೊತ್ತು! ಆದರೆ ಅಂಬಿಗರೆಲ್ಲ ಹಿರಿಯನ ಎಡವೇ ಎಡ ಎಂದು ತೀರ್ಪು ಕೊಟ್ಟರು.

ಭರಮಪ್ಪನ ಮನೆ ಆಚೆ ದಂಡೆಯಲ್ಲಿ. ಸೇತುವೆ ಇನ್ನೂ ಆಗಿಲ್ಲ. ಇಷ್ಟು ವರ್ಷ ಊರನ್ನೆಲ್ಲ ದಾಟಿಸಿದವನು ಸಂಗಪ್ಪನ ಹರಗೋಲನ್ನೇ ಹತ್ತಿದ.

“ಬಲಕ್ಕ ಕುಂದರಲೇ,” ಎಂದ ಸಂಗಪ್ಪ.

ಯಾರ ಬಲಕ್ಕೆ ಎಂದು ಭರಮಪ್ಪ ಕೇಳಲಿಲ್ಲ.