ಕಲ್ಲಿನ ಮೇಲಿನ ಹೆಸರು

ಚರಿತ್ರೆ ಮೇಷ್ಟರ ಬಲ ಅಂಗೈ ಸದಾ ಕಪ್ಪಗಿರುತ್ತಿತ್ತು. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಹೋಗದ ಮಸಿ. ಅದರ ನಡುವೆ ಅಂಗೈಯ ಗೆರೆಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು, ಅವರು ಕಲ್ಲುಗಳಿಂದ ತೆಗೆಯುತ್ತಿದ್ದ ಶಾಸನದ ಅಚ್ಚುಗಳ ಹಾಗೆಯೇ. ಹಾಜರಿ ಪುಸ್ತಕಕ್ಕೆ ಅವರು ರುಜು ಹಾಕಿದರೆ ಪುಟದ ಅಂಚಿನಲ್ಲಿ ಹೆಬ್ಬೆಟ್ಟಿನ ಗುರುತು ಉಳಿಯುತ್ತಿತ್ತು. ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಹರಿಹರದ ಆ ಶಾಲೆಗೆ ನಾನು ಗಣಿತದ ಟೀಚರಾಗಿ ಸೇರಿದ್ದು ಐವತ್ತರ ದಶಕ ಮುಗಿಯುವ ಹೊತ್ತಿಗೆ. ದಾವಣಗೆರೆಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದೆ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಸ್ಟೇಷನ್ನು. ಹಾಸ್ಟೆಲಿನಲ್ಲಿ ಕಲಿತ ಈ ಕ್ರಮ ಇಂದಿಗೂ ತಪ್ಪಿಲ್ಲ. ಹೆಡ್ಮಾಸ್ಟರು ಗಂಟೆಯನ್ನೂ ವೇಳಾಪಟ್ಟಿಯನ್ನೂ ನನಗೇ ಒಪ್ಪಿಸಿದ್ದರು.

ಗಡಿಯಾರ ನೋಡದೆ ಕಳೆದ ಹೊತ್ತು ನನ್ನ ಬದುಕಿನಲ್ಲಿ ಏನಾದರೂ ಇದ್ದರೆ ಅದು ರಜಾದಿನಗಳಲ್ಲಿ ಮೇಷ್ಟರ ಜೊತೆ ಕಳೆದದ್ದು. ಮೊದಲ ಸಲ ಹೋದಾಗ ಅವರು ದೇವಸ್ಥಾನದ ಪ್ರಾಕಾರದಲ್ಲಿ ಒಂದು ಶಾಸನ ತೊಳೆಯುತ್ತಿದ್ದರು. "ಟೀಚರಮ್ಮ, ಸುಮ್ನೆ ನೋಡಾಕೆ ಬಂದ್ರೋ, ಕಾಗದ ಹಿಡಿಯಾಕೆ ಬಂದ್ರೋ?" ಎಂದರು. ಹಿಡಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು, ಕಾಗದ ಅಕ್ಷರಗಳ ಗುಂಡಿಗಿಳಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತುವುದು. ಆಮೇಲೆ ಒಣಗುವವರೆಗೆ ಕಾಯುವುದು. ಕಂಬಗಳ ನೆರಳು ನೆಲದ ಮೇಲೆ ಸರಿಯುತ್ತಿತ್ತು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ತೇಲಿ ಬರುತ್ತಿತ್ತು. ಮೇಷ್ಟರ ಹೆಂಡತಿ ತಂದ ಬುತ್ತಿ ಉಂಡು ಮೂವರೂ ಮಾತಿಲ್ಲದೆ ಕೂತಿರುತ್ತಿದ್ದೆವು. ಯಾರೋ ಎಂದೋ ಕೆತ್ತಿದ ಸಾಲುಗಳು ಕಪ್ಪಿನೊಳಗಿಂದ ನಿಧಾನವಾಗಿ ಬೆಳ್ಳಗಾಗುತ್ತಿದ್ದವು. ನಾನು ಎಚ್ಚರವಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತಿತ್ತು.

ನನ್ನ ತೌರು ಕುಕ್ಕುವಾಡ. ನಮ್ಮ ಕಣದ ಪಕ್ಕದಲ್ಲಿ ಒಂದು ವೀರಗಲ್ಲಿತ್ತು. ಅದರ ಮೇಲಿರುವುದು ನಮ್ಮ ಮನೆತನದ ಮೂಲಪುರುಷ ಸಿದ್ದಪ್ಪಜ್ಜ ಎಂದು ನಮ್ಮಪ್ಪ ಎಲ್ಲರಿಗೂ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಎಣ್ಣೆ ಎರೆದು ಎರೆದು ಅಕ್ಷರಗಳು ಮುಚ್ಚಿಹೋಗಿದ್ದವು. ನಾನೇ ಹೆಮ್ಮೆಯಿಂದ ಮೇಷ್ಟರನ್ನು ಕರೆದೊಯ್ದೆ. ಸೀಗೆಪುಡಿ ಹಾಕಿ ಅರ್ಧ ದಿನ ತಿಕ್ಕಿ ಅವರು ಅಚ್ಚು ತೆಗೆದರು.

"ಸಿದ್ದ ಅಂತ ಐತೆ," ಎಂದರು. ಅಪ್ಪನ ಮುಖ ಅರಳಿತು.

"ಆದ್ರ ಯಜಮಾನ್ರೇ, ಅಪ್ಪನ ಹೆಸ್ರಿಲ್ಲ, ಮನೆತನದ ಹೆಸ್ರಿಲ್ಲ. ನಿಮ್ಮಜ್ಜನೇ ಅಂತ ಹೇಳಾಕೆ ಬರಂಗಿಲ್ಲ."

"ಹೆಸ್ರು ಅದೇ ಐತಲ್ರೀ! ಇನ್ನೇನು ಬೇಕ್ರಿ ನಿಮ್ಗೆ?" ಅಪ್ಪನಿಗೆ ಸಿಟ್ಟು ಬಂತು. ಆಳುಗಳ ಕಡೆ ತಿರುಗಿ, "ಲೇ ಸಿದ್ದಪ್ಪಾ, ಮೇಷ್ಟ್ರಿಗೆ ನೀರು ಕೊಡೋ!" ಎಂದು ಕೂಗಿದರು.

ಕಣದ ಮೂರು ಮೂಲೆಗಳಿಂದ ಮೂರು ಜನ "ಬಂದೆ" ಎಂದರು.

ಮೇಷ್ಟರು ನಗಲಿಲ್ಲ. ನೀರು ಕುಡಿದು, ಕೈಮುಗಿದು ಹೊರಟರು. ಅಪ್ಪ ಆಮೇಲೆ ಕಲ್ಲಿನ ಮಾತು ಎತ್ತಲಿಲ್ಲ. ನಾನು ಮೇಷ್ಟರ ಜೊತೆ ಒಂದು ವಾರ ಮಾತು ಬಿಟ್ಟೆ. ನಮ್ಮ ಅಜ್ಜನನ್ನು ಅಳೆದ ಕೋಲಿನಿಂದ ಇವರು ತಮ್ಮವರನ್ನೂ ಅಳೆಯುತ್ತಾರೆಯೇ ಎಂದು ಮನಸ್ಸು ಕುದಿಯುತ್ತಿತ್ತು. ಅವರು ಕ್ರೈಸ್ತರು. ಚರ್ಚಿನಲ್ಲಿ ಪ್ರತಿ ಭಾನುವಾರ ಸತ್ಯವೇದ ಓದುತ್ತಿದ್ದವರು. ಇಪ್ಪತ್ತು ವರ್ಷಗಳಿಂದ ಆ ಓದು ಅವರದೇ. ವಾರವೆಲ್ಲ ದಡಬಡಿಸುವ ಅವರ ದನಿ ಅಲ್ಲಿ ಮಾತ್ರ ಹದವಾಗಿ ಇಳಿಯುತ್ತದೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಚರ್ಚಿನಲ್ಲಿ ಅವರು ಆಸೆಯಿಂದ ಹಿಡಿದಿದ್ದ ಒಂದೇ ಕೆಲಸ ಅದು.

ಮರುವರ್ಷ ಚರ್ಚಿನ ಪಾದ್ರಿ ಅಯ್ಯನವರು ಒಂದು ಇಂಗ್ಲಿಷ್ ವಾರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದರು. ಬೈಬಲ್ಲಿನ ಒಬ್ಬ ಅರಸನ ಹೆಸರಿದ್ದ ಮಣ್ಣಿನ ಮುದ್ರೆಯ ಚಿತ್ರ ಅದರಲ್ಲಿತ್ತು. ಆ ಅರಸ ಇದ್ದದ್ದು ಇದರಿಂದ ರುಜುವಾತಾಯಿತು ಎಂದು ಕೆಳಗೆ ಬರೆದಿದ್ದರು. "ನೀವು ಶಾಸನ ಬಲ್ಲೋರು, ಕನ್ನಡಕ್ಕೆ ಮಾಡಿ ಭಾನುವಾರ ಓದಬೇಕು. ಜನಕ್ಕೆ ಧೈರ್ಯ ಬರ್ತೈತೆ," ಎಂದರು ಅಯ್ಯನವರು.

ಮೇಷ್ಟರು ಬಿಡುವಿನ ಅವಧಿಯೆಲ್ಲ ಭೂತಗನ್ನಡಿ ಹಿಡಿದು ಕೂತರು. ಗಂಟೆ ಹೊಡೆದಾಗ ನನ್ನತ್ತ ನೋಡಿ, "ಟೀಚರಮ್ಮ, ಭಾನುವಾರ ಚರ್ಚಿಗೆ ಬರ್ರಿ," ಎಂದರು, ಅಷ್ಟೇ.

ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅವರು ಮೊದಲು ಸತ್ಯವೇದದ ಪಾಠ ಓದಿದರು. ಆಮೇಲೆ ಪತ್ರಿಕೆಯನ್ನೆತ್ತಿ ಹೇಳಿದರು:

"ಈ ಮುದ್ರೆ ಮ್ಯಾಲೆ ಒಂದು ಹೆಸ್ರೈತೆ. ಅಪ್ಪನ ಹೆಸ್ರಿಲ್ಲ, ಅರಸ ಅನ್ನೋ ಮಾತಿಲ್ಲ. ಇದು ಅಗೆದು ತೆಗೆದದ್ದಲ್ಲ, ಹಳೇ ಸಾಮಾನಿನ ಅಂಗಡ್ಯಾಗ ಕೊಂಡದ್ದು. ಯಾವ ಮಣ್ಣಾಗಿತ್ತೋ ಯಾರಿಗೂ ಗೊತ್ತಿಲ್ಲ. ಅದೇ ಅರಸ ಇರಬಹುದು, ಅಲ್ಲದೇನೂ ಇರಬಹುದು. ರುಜುವಾತು ಅಂತ ನಾನು ಓದಂಗಿಲ್ಲ. ಹೋದ ವರ್ಷ ಒಬ್ಬ ಯಜಮಾನ್ರ ಕಣದಾಗ ನಿಂತು ಇದೇ ಮಾತು ಹೇಳೀನಿ."

ನಾನು ತಲೆ ಬಗ್ಗಿಸಿದೆ. ಮುಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು.

ಮರುವಾರದಿಂದ ಓದು ಬೇರೆಯವರ ಪಾಲಾಯಿತು. ಮೇಷ್ಟರು ಒಂದು ಭಾನುವಾರವೂ ತಪ್ಪಿಸದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಪಾಠವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದರಂತೆ.

"ಹೂಂ ಅಂತ ಓದಿದ್ರ ನಿಮ್ದೇನು ಹೋಗ್ತಿತ್ತು?" ಹೆಂಡತಿ ನನ್ನೆದುರೇ ಕೇಳಿದರು.

"ದೇವ್ರು ಅಂಗಡಿ ಸಾಮಾನು ನಂಬ್ಕೊಂಡು ಕೂತಾನೇನೇ?" ಎಂದು ಮೇಷ್ಟರು ಮಸಿಯ ಉಂಡೆ ಕಟ್ಟತೊಡಗಿದರು.

ಆ ಸಂಜೆಯ ಗಾಡಿಯಲ್ಲಿ ಒಳಗೆ ಉಳಿದಿದ್ದ ನನ್ನ ಸಿಟ್ಟೆಲ್ಲ ಇಳಿದಿತ್ತು. ಚರ್ಚಿನಲ್ಲಿ ನಡೆದದ್ದನ್ನು ನನ್ನಿಂದ ಕೇಳಿ, ಮುಂದಿನ ರಜೆಗೆ ಅಪ್ಪನೇ ಮೇಷ್ಟರನ್ನು ಊಟಕ್ಕೆ ಕರೆಸಿದರು. ವೀರಗಲ್ಲಿಗೆ ಎಣ್ಣೆ ಎರೆಯುವುದು ನಿಲ್ಲಲಿಲ್ಲ. ಆದರೆ ಅಪ್ಪ ಅಕ್ಷರಗಳ ಸಾಲು ಬಿಟ್ಟು ಎರೆಯತೊಡಗಿದರು.

ಮೇಷ್ಟರು ತೀರಿಕೊಂಡದ್ದು ನಿವೃತ್ತಿಯಾದ ಎರಡನೆಯ ಬೇಸಿಗೆಯಲ್ಲಿ. ಮಣ್ಣಿಗೆ ಬಂದ ಅಯ್ಯನವರು ಅಂದಿನ ಪಾಠವನ್ನು ಮೇಷ್ಟರದೇ ಹಳೆಯ ಸತ್ಯವೇದದಿಂದ ಓದಿದರು. ಪುಟದಂಚುಗಳೆಲ್ಲ ಹೆಬ್ಬೆಟ್ಟಿನ ಕಪ್ಪು.

ಸಮಾಧಿಯ ಕಲ್ಲಿಗೆ ಏನು ಕೆತ್ತಿಸಬೇಕೆಂದು ನಾನು ಕೇಳಿದಾಗ ಅವರ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದರು:

"ಬರೀ ಹೆಸ್ರು ಬ್ಯಾಡ್ರಿ ಟೀಚರಮ್ಮ. ಅವ್ರ ಅಪ್ಪನ ಹೆಸ್ರು, ಊರು, ಕೆಲ್ಸ ಎಲ್ಲಾ ಹಾಕ್ಸಿರಿ. ಇಲ್ಲಾಂದ್ರ ಒಳಗ ಮಲಗಿರೋದು ತಾನೇ ಅಂತ ಅವ್ರೇ ಒಪ್ಪಂಗಿಲ್ಲ."