ಬಸ್‌ಸ್ಟ್ಯಾಂಡಿನ ಅಪ್ಪ

ನಮ್ಮ ಇತಿಹಾಸದ ಮೇಷ್ಟ್ರು ಮೊನ್ನೆ ತೀರಿಕೊಂಡರು. ಮಾಗಡಿ ಕಾಲೇಜಿನಲ್ಲಿ ನಾವು ಎಷ್ಟೇ ಗಲಾಟೆ ಮಾಡಿದರೂ ಸೀಮೆಸುಣ್ಣ ಕೆಳಗಿಟ್ಟು, "ಮುಗಿದ್ಮೇಲೆ ಹೇಳ್ರಪ್ಪಾ" ಎನ್ನುತ್ತಿದ್ದರು.

ಪ್ರಿನ್ಸಿಪಾಲರಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಾನು ಪಾಠದ ನಡುವೆ ಕೋಳಿಯಂತೆ ಕೂಗಿದ್ದಕ್ಕೆ, ಅಪ್ಪನನ್ನು ಕರೆತರದಿದ್ದರೆ ಟಿ.ಸಿ. ಕೊಡುತ್ತೇನೆಂದರು. ಅಪ್ಪನಿಗೆ ತಿಳಿದಿದ್ದರೆ ಓದು ಬಿಡಿಸಿ ಹೊಲಕ್ಕೆ ಕಳಿಸುತ್ತಿದ್ದ. ಹಾಗಾಗಿ ಉಳಿದವರಂತೆ ನಾನೂ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನನ್ನೇ ಅಪ್ಪನೆಂದು ಕರೆದೊಯ್ದೆ.

"ಒಸಿ ಬುದ್ಧಿ ಹೇಳ್ತೀನಿ, ಬುಡಿ ಸಾ" ಎಂದು ಅವನು ಕೈಮುಗಿದ.

"ನಿಮ್ಮನ್ನ ಎಲ್ಲೋ ನೋಡಿದೀನಲ್ಲ?" ಎಂದರು ಪ್ರಿನ್ಸಿಪಾಲರು.

ಪಕ್ಕದಲ್ಲಿದ್ದ ಮೇಷ್ಟ್ರು, "ನಾನು ಬಲ್ಲೆ ಸಾರ್. ಮಕ್ಕಳೊಂದಿಗರು, ಆಗಾಗ ಬರ್ತಿರ್ತಾರೆ" ಎಂದರು. ನನ್ನ ಓದು ಉಳಿಯಿತು.

ಹೊರಗೆ ಬಂದ ಮೇಲೆ ಮೇಷ್ಟ್ರು ನನ್ನ ಹೆಗಲು ಹಿಡಿದುಕೊಂಡರು. "ಇನ್ಮೇಲೆ ತೆಪ್ಪಗೆ ಕೂತ್ಕೊಳ್ಳಪ್ಪಾ. ಪಾಪ, ಇವ್ರಿಗೂ ವಯಸ್ಸಾಯ್ತು. ಇನ್ನೆಷ್ಟು ಮಕ್ಳನ್ನ ಸಾಕ್ತಾರೆ?"